ತೊಲೆ ಯಾಕೆ ಮುರಿಯುತ್ತೆ ಅಂತ ಕೇಳಿದ ಗೆಲಿಲಿಯೋ



ಗೆಲಿಲಿಯೋ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ದೂರದರ್ಶಕ. ಆಮೇಲೆ ಪೀಸಾದ ವಾಲಿದ ಗೋಪುರ. ಆಮೇಲೆ ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದದ್ದಕ್ಕೆ ಶಿಕ್ಷೆಯಾದದ್ದು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕು, ಮಾರ್ಕು ಸಿಗುತ್ತೆ. ನಾನೂ ಗೆಲಿಲಿಯೋ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಆದರೆ ನಮ್ಮ ವಿಜ್ಞಾನದ ಮೇಷ್ಟ್ರು ಓದಲು ಕೊಟ್ಟ ಒಂದು ಪುಸ್ತಕದಲ್ಲಿ ವಿಚಿತ್ರವಾದ ಚಿತ್ರವೊಂದನ್ನು ನೋಡಿದೆ. ಪಾಳುಬಿದ್ದ ಗೋಡೆಯಿಂದ ಒಂದು ಮರದ ತೊಲೆ ಹೊರಗೆ ಚಾಚಿಕೊಂಡಿದೆ. ತೊಲೆಯ ತುದಿಗೆ ಒಂದು ಕೊಕ್ಕೆ, ಕೊಕ್ಕೆಗೆ ಒಂದು ದೊಡ್ಡ ಭಾರ. ಅದು ಗೆಲಿಲಿಯೋನ ಕೊನೆಯ ಪುಸ್ತಕದ ಚಿತ್ರವಂತೆ. ಆಕಾಶ ನೋಡುವವನಿಗೆ ತೊಲೆ ಯಾಕೆ ಬೇಕಾಯಿತು ಅಂತ ನನಗೆ ಬಹಳ ಆಶ್ಚರ್ಯವಾಯಿತು. ಮೇಷ್ಟ್ರನ್ನು ಕೇಳಿ, ಪುಸ್ತಕವನ್ನು ಎರಡು ಸಲ ಓದಿ, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

(ದೊಡ್ಡವರನ್ನು ಅವರು ಎನ್ನಬೇಕು ಅಂತ ನನಗೂ ಗೊತ್ತು. ಆದರೆ ನಾನು ಓದಿದ ಪುಸ್ತಕದಲ್ಲಿ ಆತ, ಅವನು ಅಂತಲೇ ಇದೆ. ಅದಕ್ಕೆ ನಾನೂ ಹಾಗೇ ಬರೆದಿದ್ದೇನೆ. ಯಾರೂ ತಪ್ಪು ತಿಳಿಯಬಾರದು.)

ಗೆಲಿಲಿಯೋ ಗೆಲಿಲಿ ಹುಟ್ಟಿದ್ದು 1564ನೇ ಇಸವಿ ಫೆಬ್ರವರಿ 15ರಂದು, ಇಟಲಿ ದೇಶದ ಪೀಸಾ ಎಂಬ ಊರಿನಲ್ಲಿ. ತಂದೆಯ ಹೆಸರು ವಿನ್ಚೆಂಜೊ. ಅವನು ಸಂಗೀತಗಾರ. ಸಂಗೀತದಿಂದ ಮನೆ ನಡೆಯುವುದು ಕಷ್ಟ. ಮಗ ವೈದ್ಯನಾದರೆ ಸಂಪಾದನೆ ಚೆನ್ನಾಗಿರುತ್ತೆ ಅಂತ ತಂದೆ 1581ರಲ್ಲಿ ಪೀಸಾದ ವಿಶ್ವವಿದ್ಯಾಲಯಕ್ಕೆ ಸೇರಿಸಿದ. ಆದರೆ ಹುಡುಗನ ಮನಸ್ಸೆಲ್ಲ ಗಣಿತದ ಮೇಲೆ. ಕೊನೆಗೆ 1585ರಲ್ಲಿ ಪದವಿ ಪಡೆಯದೆಯೇ ಕಾಲೇಜು ಬಿಟ್ಟು ಬಂದ. ಪದವಿಯಿಲ್ಲದ ಅದೇ ಹುಡುಗ 4 ವರ್ಷದ ನಂತರ, 1589ರಲ್ಲಿ, ಅದೇ ವಿಶ್ವವಿದ್ಯಾಲಯಕ್ಕೆ ಗಣಿತದ ಮೇಷ್ಟ್ರಾಗಿ ಹೋದ! ಗೋಪುರದ ಮೇಲಿಂದ ಗುಂಡುಗಳನ್ನು ಬೀಳಿಸಿದ ಕಥೆ ಈ ಕಾಲದ್ದು. ಅದನ್ನು ಅವನ ಶಿಷ್ಯನೊಬ್ಬ ಬಹಳ ವರ್ಷದ ಮೇಲೆ ಬರೆದದ್ದು. ನಿಜವಾಗಿ ನಡೆಯಿತೋ ಇಲ್ಲವೋ ಅಂತ ತಿಳಿದವರೇ ಅನುಮಾನ ಪಡುತ್ತಾರೆ. ಆದ್ದರಿಂದ ನಾನು ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

1591ರಲ್ಲಿ ತಂದೆ ತೀರಿಕೊಂಡ. ಮನೆಗೆ ಗೆಲಿಲಿಯೋನೇ ದೊಡ್ಡ ಮಗ. ತಂಗಿಯರ ವರದಕ್ಷಿಣೆಯ ಹೊರೆ ಇವನ ತಲೆಗೆ ಬಂತು. ಇಟಲಿಯಲ್ಲೂ ಆಗ ವರದಕ್ಷಿಣೆ ಇತ್ತು ಎಂದು ಓದಿದಾಗ ನನಗೆ ನಂಬಲಾಗಲಿಲ್ಲ. 1592ರಲ್ಲಿ ಹೆಚ್ಚು ಸಂಬಳ ಕೊಡುವ ಪಾದುವಾ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ 18 ವರ್ಷ ಇದ್ದ. ಸಂಬಳ ಸಾಲದೆ ಮನೆಯಲ್ಲೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳಿದ. ಒಬ್ಬ ಕುಶಲ ಕೆಲಸಗಾರನನ್ನು ಮನೆಯಲ್ಲಿರಿಸಿಕೊಂಡು ಲೆಕ್ಕ ಮಾಡುವ ಉಪಕರಣಗಳನ್ನು ಮಾಡಿಸಿ ಮಾರಿದ.

ತೊಲೆಯ ಕಥೆ ಶುರುವಾಗುವುದು ಇಲ್ಲಿಂದಲೇ. ಪಾದುವಾದ ಹತ್ತಿರವೇ ವೆನಿಸ್ ನಗರ. ನೀರಿನ ಮೇಲೆ ಕಟ್ಟಿದ ಊರು ಅದು. ಅಲ್ಲಿ ಹಡಗು ಕಟ್ಟುವ ಒಂದು ಭಾರಿ ಕಾರ್ಖಾನೆ ಇತ್ತು. ಬಡಗಿಗಳು, ಕಮ್ಮಾರರು, ಹಗ್ಗ ಹೊಸೆಯುವವರು, ಎಲ್ಲ ಸೇರಿ ಸಾವಿರಾರು ಜನ ಅಲ್ಲಿ ಕೆಲಸ ಮಾಡುತ್ತಿದ್ದರು. 1593ರಲ್ಲಿ ಹಡಗಿನ ಹುಟ್ಟುಗಳ ವಿಚಾರವಾಗಿ ಗೆಲಿಲಿಯೋನ ಅಭಿಪ್ರಾಯವನ್ನೂ ಕೇಳಿದ್ದರು. ಆಗಿನ ಪಂಡಿತರು ಹಳೆಯ ಪುಸ್ತಕ ಓದುವುದನ್ನೇ ವಿದ್ಯೆ ಅಂದುಕೊಂಡಿದ್ದರು, ಕೈಕೆಲಸದವರ ಜೊತೆ ಮಾತಾಡುವುದು ಕಡಿಮೆ. ಗೆಲಿಲಿಯೋ ಹಾಗಲ್ಲ. ಮೇಸ್ತ್ರಿಗಳ ಹತ್ತಿರ ನಿಂತು ಅವರು ಹೇಳುವುದನ್ನು ಕೇಳುತ್ತಿದ್ದ. ಅವರಿಗೆ ಒಂದು ವಿಷಯ ಅನುಭವದಿಂದ ಗೊತ್ತಿತ್ತು. ಸಣ್ಣ ದೋಣಿಯನ್ನು ನೀರಿಗೆ ಇಳಿಸುವಾಗ ಹೆಚ್ಚು ಆಸರೆ ಬೇಕಿಲ್ಲ. ಆದರೆ ದೊಡ್ಡ ಹಡಗಿಗೆ ಸುತ್ತಲೂ ಭಾರಿ ಊರೆಗೋಲುಗಳನ್ನು ಕೊಡದಿದ್ದರೆ ತನ್ನ ಭಾರಕ್ಕೆ ತಾನೇ ಮುರಿದುಹೋಗಬಹುದು. ದೋಣಿಯ ಆಕಾರವೂ ಅದೇ, ಮರವೂ ಅದೇ. ಎಲ್ಲ ಅಳತೆಯನ್ನೂ ಒಂದೇ ಸಮ ಹೆಚ್ಚಿಸಿದ್ದಾರೆ. ಹಾಗಾದರೆ ದೊಡ್ಡದು ಯಾಕೆ ಮುರಿಯಬೇಕು?

ಈ ಪ್ರಶ್ನೆ ಅವನ ತಲೆಯಲ್ಲಿ ಬಹಳ ವರ್ಷ ಕೊರೆಯುತ್ತಿತ್ತು. 1609ರ ಫೆಬ್ರವರಿಯಲ್ಲಿ ಬರೆದ ಒಂದು ಕಾಗದದಲ್ಲಿ, ಬೇರೆ ಬೇರೆ ಉದ್ದ ಗಾತ್ರದ ಮರದ ತೊಲೆಗಳ ಬಲದ ಬಗ್ಗೆ ತಾನು ನಿಯಮಗಳನ್ನು ಕಂಡುಹಿಡಿದಿದ್ದೇನೆ ಎಂದು ತಿಳಿಸಿದ್ದಾನೆ. ಅಷ್ಟರಲ್ಲಿ ಏನಾಯಿತು ಗೊತ್ತಾ? ಹಾಲೆಂಡಿನಲ್ಲಿ ದೂರದ ವಸ್ತು ಹತ್ತಿರ ಕಾಣುವ ಕೊಳವೆ ಮಾಡಿದ್ದಾರೆಂಬ ಸುದ್ದಿ ಅದೇ ವರ್ಷ ಬಂತು. ಗೆಲಿಲಿಯೋ ಇನ್ನೂ ಚೆನ್ನಾದದ್ದನ್ನು ತಾನೇ ಮಾಡಿ ಆಕಾಶಕ್ಕೆ ತಿರುಗಿಸಿದ. 1610ರ ಜನವರಿಯಲ್ಲಿ ಗುರುಗ್ರಹದ 4 ಚಂದ್ರರನ್ನು ಕಂಡ. ಚಂದ್ರನ ಮೇಲೆ ಬೆಟ್ಟ ಕಣಿವೆಗಳನ್ನು ಕಂಡ. ಯೂರೋಪಿನಲ್ಲೆಲ್ಲ ಅವನ ಹೆಸರು ಹಬ್ಬಿತು. ಫ್ಲಾರೆನ್ಸಿನ ದೊರೆ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ತೊಲೆಯ ಕಾಗದಗಳು ಮೂಲೆ ಸೇರಿದವು. ಸುಮಾರು 24 ವರ್ಷ!

ಮುಂದಿನದು ನಿಮಗೆ ಗೊತ್ತಿರುವ ಭಾಗ, ಬೇಗ ಹೇಳಿ ಮುಗಿಸುತ್ತೇನೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದನ್ನು ಸಮರ್ಥಿಸಬಾರದು ಎಂದು 1616ರಲ್ಲಿ ಚರ್ಚಿನವರು ಎಚ್ಚರಿಕೆ ಕೊಟ್ಟರು. 1632ರಲ್ಲಿ ಗೆಲಿಲಿಯೋ ಒಂದು ಪುಸ್ತಕ ಬರೆದು ಅದನ್ನೇ ಸಮರ್ಥಿಸಿದ. ಪೋಪ್ ಕೋಪಗೊಂಡ. ರೋಮಿಗೆ ಕರೆಸಿ ಧರ್ಮ ನ್ಯಾಯಾಲಯದಲ್ಲಿ ವಿಚಾರಣೆ ಮಾಡಿದರು. 1633ರ ಜೂನ್ 22ರಂದು ಗೆಲಿಲಿಯೋ ಮಂಡಿಯೂರಿ, ತನ್ನ ಮಾತು ತಪ್ಪು ಎಂದು ಒಪ್ಪಿಕೊಂಡ.

ಇದನ್ನು ಓದುವಾಗ ನನಗೆ ತುಂಬಾ ಬೇಜಾರಾಯಿತು. ಸತ್ಯ ಗೊತ್ತಿದ್ದವನು ಸುಳ್ಳು ಹೇಳಿದನಲ್ಲ, ಇವನೆಂಥ ಧೀರ ಅಂತ ಅನ್ನಿಸಿತು. ನಮ್ಮ ಕ್ಲಾಸಿನ ಕೆಲವರು ಹೇಡಿ ಅಂತಲೂ ಅಂದರು. ಆದರೆ ಅವನಿಗೆ ಆಗ 69 ವರ್ಷ. ನಮ್ಮ ಮನೆಯಲ್ಲಿ ಆ ವಯಸ್ಸಿನವರು ಜಗಲಿಯಿಂದ ಏಳಬೇಕಾದರೆ ಕೋಲು ಹುಡುಕುತ್ತಾರೆ. ಒಪ್ಪದಿದ್ದರೆ ಚಿತ್ರಹಿಂಸೆ ಕೊಡುತ್ತೇವೆ ಎಂದು ಹೆದರಿಸಿದ್ದರು. ಬ್ರೂನೋ ಎಂಬುವವನನ್ನು ಅದೇ ರೋಮಿನಲ್ಲಿ 1600ರಲ್ಲಿ ಜೀವಂತ ಸುಟ್ಟಿದ್ದರು. ಆ ಜಾಗದಲ್ಲಿ ನಾನಿದ್ದಿದ್ದರೆ ಮೊದಲನೇ ದಿನವೇ ಒಪ್ಪಿಕೊಳ್ಳುತ್ತಿದ್ದೆ. ಅಲ್ಲದೆ, ಒಪ್ಪಿಕೊಂಡ ಮೇಲೆ ಅವನು ಏನು ಮಾಡಿದ ಎನ್ನುವುದನ್ನು ಯಾರೂ ನಮಗೆ ಹೇಳುವುದಿಲ್ಲ.

ಅವನಿಗೆ ಜೀವನಪರ್ಯಂತ ಬಂಧನದ ಶಿಕ್ಷೆಯಾಯಿತು. ಮೊದಲು ಸಿಯೆನಾ ಎಂಬ ಊರಿನಲ್ಲಿ ಅಲ್ಲಿನ ಆರ್ಚ್‌ಬಿಷಪ್ಪನ ಮನೆಯಲ್ಲಿ ಕೆಲವು ತಿಂಗಳು ಇರಿಸಿದರು. ಆ ಧರ್ಮಗುರು ಒಳ್ಳೆಯವನು, ಕೈದಿಯನ್ನು ಅತಿಥಿಯಂತೆ ನೋಡಿಕೊಂಡ. ಆಕಾಶದ ಬಗ್ಗೆ ಬಾಯಿ ಬಿಡುವಂತಿಲ್ಲ. ಹಾಗಾದರೆ ಉಳಿದದ್ದೇನು? ಮೂಲೆ ಸೇರಿದ್ದ ತೊಲೆ! ಸಿಯೆನಾದಲ್ಲೇ ಗೆಲಿಲಿಯೋ ಹೊಸ ಪುಸ್ತಕದ ಕೆಲಸ ಹಿಡಿದ. ಮರ ಯಾಕೆ ಮುರಿಯುತ್ತೆ ಎಂದು ಕೇಳಿದರೆ ಯಾವ ಧರ್ಮಕ್ಕೂ ಅಡ್ಡಿಯಿಲ್ಲ ನೋಡಿ.

1633ರ ಡಿಸೆಂಬರಿನಲ್ಲಿ ಫ್ಲಾರೆನ್ಸ್ ಪಕ್ಕದ ಅರ್ಚೆತ್ರಿ ಎಂಬ ಹಳ್ಳಿಯಲ್ಲಿದ್ದ ತನ್ನ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಅದೇ ಹಳ್ಳಿಯ ಮಠದಲ್ಲಿ ಅವನ ಹಿರಿಯ ಮಗಳು ಸನ್ಯಾಸಿನಿಯಾಗಿದ್ದಳು. ಅವಳ ಹೆಸರು ಮಾರಿಯಾ ಚೆಲೆಸ್ತೆ. ತಂದೆಯ ಬಟ್ಟೆ ಸರಿಮಾಡಿ ಕಳಿಸುವುದು, ಔಷಧಿ ಮಾಡಿ ಕಳಿಸುವುದು, ಕಾಗದ ಬರೆದು ಸಮಾಧಾನ ಹೇಳುವುದು, ಎಲ್ಲ ಅವಳೇ. ಗೆಲಿಲಿಯೋಗೆ 3 ವರ್ಷ ವಾರಕ್ಕೊಮ್ಮೆ 7 ಸ್ತೋತ್ರಗಳನ್ನು ಹೇಳುವ ಶಿಕ್ಷೆಯನ್ನೂ ಕೊಟ್ಟಿದ್ದರು. ಅದನ್ನು ನಿಮ್ಮ ಬದಲು ನಾನೇ ಹೇಳುತ್ತೇನೆ ಅಂತ ಅವಳು ಒಪ್ಪಿಕೊಂಡಳು. ಅವಳು ಬರೆದ 124 ಕಾಗದಗಳು ಉಳಿದಿವೆ. ತಂದೆ ಅವಳಿಗೆ ಬರೆದವು ಒಂದೂ ಇಲ್ಲ. ಅಪ್ಪ ಮನೆಗೆ ಬಂದು 4 ತಿಂಗಳೂ ಆಗಿರಲಿಲ್ಲ, 1634ರ ಏಪ್ರಿಲ್ 2ರಂದು ರಕ್ತಭೇದಿಯಿಂದ ಅವಳು ತೀರಿಕೊಂಡಳು. ಅವಳಿಗೆ 33 ವರ್ಷ. ಆಮೇಲೆ ಬಹಳ ದಿನ ಗೆಲಿಲಿಯೋಗೆ ಊಟ ನಿದ್ದೆ ಸರಿಯಾಗಲಿಲ್ಲ. ಆದರೂ ಪುಸ್ತಕವನ್ನು ಬಿಡಲಿಲ್ಲ.

ಆ ಪುಸ್ತಕದಲ್ಲಿ ಮೂವರು ಸ್ನೇಹಿತರು ಕೂತು 4 ದಿನ ಮಾತನಾಡುತ್ತಾರೆ. ಮಾತು ಶುರುವಾಗುವುದೇ ವೆನಿಸ್ಸಿನ ಹಡಗಿನ ಕಾರ್ಖಾನೆಯಿಂದ. ಅದರಲ್ಲಿ ಬರುವ ಒಂದು ಕಥೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಒಂದು ದೊಡ್ಡ ಅಮೃತಶಿಲೆಯ ಕಂಬವನ್ನು ನೆಲದ ಮೇಲೆ ಅಡ್ಡ ಮಲಗಿಸಿದ್ದರು. ಎರಡು ತುದಿಗೆ ಎರಡು ಮರದ ದಿಮ್ಮಿ ಕೊಟ್ಟಿದ್ದರು. ಒಬ್ಬ ಕೆಲಸಗಾರ ನೋಡಿ, ನಡುವೆ ತನ್ನ ಭಾರಕ್ಕೇ ಮುರಿದೀತು, ಮಧ್ಯಕ್ಕೂ ಒಂದು ದಿಮ್ಮಿ ಕೊಡಿ ಎಂದ. ಎಲ್ಲರಿಗೂ ಸರಿ ಎನ್ನಿಸಿತು, ಕೊಟ್ಟರು. ಕೆಲವು ತಿಂಗಳ ಮೇಲೆ ನೋಡಿದರೆ ಕಂಬ ಬಿರುಕು ಬಿಟ್ಟಿದೆ. ಎಲ್ಲಿ? ಹೊಸ ದಿಮ್ಮಿ ಕೊಟ್ಟಿದ್ದ ಜಾಗದ ಮೇಲೆಯೇ! ತುದಿಯ ಒಂದು ದಿಮ್ಮಿ ಕೊಳೆತು ಕೆಳಗೆ ಕುಸಿದಿತ್ತು. ನಡುವಿನದು ಗಟ್ಟಿಯಾಗಿ ಹಾಗೇ ನಿಂತಿತ್ತು. ಹೀಗಾಗಿ ಅರ್ಧ ಕಂಬ ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತು, ನಡುವೆ ಮುರಿಯಿತು. ಎರಡೇ ದಿಮ್ಮಿ ಇದ್ದಿದ್ದರೆ ಒಂದು ಕುಸಿದರೆ ಕಂಬವೂ ಅದರ ಜೊತೆ ಕೆಳಗಿಳಿಯುತ್ತಿತ್ತು, ಏನೂ ಆಗುತ್ತಿರಲಿಲ್ಲ. ಒಳ್ಳೆಯದಕ್ಕೆ ಅಂತ ಕೊಟ್ಟ ಆಸರೆಯೇ ಕೆಡಿಸಿತು. ನಾನು ಇದನ್ನು ಮೂರು ಸಲ ಓದಿದ ಮೇಲೆ ಅರ್ಥವಾಯಿತು. ನಿಮಗೂ ಆಗದಿದ್ದರೆ ಒಂದು ಬಳಪದ ಕಡ್ಡಿಯ ಕೆಳಗೆ ಮೂರು ಕಲ್ಲಿಟ್ಟು, ತುದಿಯ ಒಂದು ಕಲ್ಲು ತೆಗೆದು, ಆ ತುದಿಯನ್ನು ಮೆಲ್ಲಗೆ ಒತ್ತಿ ನೋಡಿ.

ಇನ್ನು ತೊಲೆ. ಗೆಲಿಲಿಯೋ ಗೋಡೆಯಿಂದ ಚಾಚಿದ ತೊಲೆಯನ್ನು ಒಂದು ಸನ್ನೆ ಅಂತ ತಿಳಿದ. ನಾವು ಸನ್ನೆಕೋಲಿನ ಪಾಠ ಓದಿದ್ದೇವಲ್ಲ, ಅದೇ. ತುದಿಯ ಭಾರ ತೊಲೆಯನ್ನು ಕೆಳಕ್ಕೆ ತಿರುಗಿಸಲು ನೋಡುತ್ತದೆ. ಗೋಡೆಗೆ ಸೇರುವ ಜಾಗದಲ್ಲಿ ಮರದ ನಾರುಗಳು ಹಿಡಿದು ನಿಲ್ಲಿಸುತ್ತವೆ. ಯಾವುದು ಗೆಲ್ಲುತ್ತದೆ ಎಂಬುದೇ ಲೆಕ್ಕ. ತೊಲೆ ಎರಡರಷ್ಟು ಉದ್ದವಾದರೆ ಅದು ಹೊರುವ ಭಾರ ಅರ್ಧ ಆಗುತ್ತೆ. ಅಗಲ ಎರಡರಷ್ಟಾದರೆ ಬಲವೂ ಎರಡರಷ್ಟು. ಆದರೆ ಎತ್ತರ ಎರಡರಷ್ಟಾದರೆ ಬಲ 4 ಪಟ್ಟು! ಅಂದರೆ ಎತ್ತರದ ವರ್ಗದಂತೆ ಬಲ ಹೆಚ್ಚುತ್ತದೆ.

ಇದು ನಿಜವೋ ಅಂತ ನಾನು ಮತ್ತು ನನ್ನ ಗೆಳೆಯ ಒಂದು ಮರದ ಸ್ಕೇಲನ್ನು ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟು, ಮಧ್ಯಕ್ಕೆ ಚೀಲ ಕಟ್ಟಿ, ಒಂದೊಂದೇ ಕಲ್ಲು ಹಾಕಿದೆವು. ಮೊದಲು ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಎರಡು ಕಡೆ ಹಿಡಿದುಕೊಂಡೆವು. ಚೀಲ ತುಂಬಿದರೂ ಏನೂ ಆಗಲಿಲ್ಲ. ಆಮೇಲೆ ಚಪ್ಪಟೆಯಾಗಿ ಮಲಗಿಸಿದೆವು. ಚೀಲ ಅರ್ಧ ಆಗುವ ಮೊದಲೇ ಪಟ್ ಅಂತ ಮುರಿಯಿತು. ಸ್ಕೇಲಿನ ಅಗಲ ಅದರ ದಪ್ಪದ 8 ಪಟ್ಟಿದ್ದರೆ, ನಿಲ್ಲಿಸಿದಾಗಿನ ಬಲ ಮಲಗಿಸಿದಾಗಿನ 8 ಪಟ್ಟು ಎಂದು ಗೆಲಿಲಿಯೋನ ಲೆಕ್ಕ ಹೇಳುತ್ತದೆ. (ಸ್ಕೇಲು ನನ್ನದೇ. ಅಮ್ಮನಿಗೆ ಇನ್ನೂ ಹೇಳಿಲ್ಲ.) ನಮ್ಮೂರಿನ ಆಚಾರ್ರು ಮನೆಗೆ ತೊಲೆ ಕೂರಿಸುವಾಗ ಯಾವಾಗಲೂ ಎತ್ತರವಾಗಿ ನಿಲ್ಲಿಸುತ್ತಾರೆ, ಮಲಗಿಸುವುದಿಲ್ಲ. ಯಾಕೆ ಅಂತ ಕೇಳಿದೆ. ಮಲಗಿಸಿದರೆ ಜಗ್ಗುತ್ತೆ, ನಮ್ಮಪ್ಪನೂ ಹಿಂಗೇ ಇಡ್ತಿದ್ರು ಅಂದರು. ವೆನಿಸ್ಸಿನ ಮೇಸ್ತ್ರಿಗಳೂ ಇವರ ಹಾಗೇ ಇದ್ದರೇನೋ.

ದೊಡ್ಡ ಹಡಗು ಯಾಕೆ ಮುರಿಯುತ್ತೆ ಎಂಬುದಕ್ಕೂ ಉತ್ತರ ಸಿಕ್ಕಿತು. ಒಂದು ತೊಲೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿ. ಅದರ ತೂಕ 2 ಗುಣಿಸು 2 ಗುಣಿಸು 2, ಅಂದರೆ 8 ಪಟ್ಟು ಆಗುತ್ತೆ. ಬುಡದಲ್ಲಿ ಅದನ್ನು ಹಿಡಿದಿಡುವ ಬಲವೂ 8 ಪಟ್ಟು ಹೆಚ್ಚುತ್ತೆ. ಸರಿಹೋಯಿತಲ್ಲ ಅನ್ನಬೇಡಿ. ಆ ತೂಕ ಈಗ ಎರಡರಷ್ಟು ದೂರದಿಂದ ಜಗ್ಗುತ್ತಿದೆ. ಹಾಗಾಗಿ ಮುರಿಯುವ ಶಕ್ತಿ 16 ಪಟ್ಟು, ತಡೆಯುವ ಶಕ್ತಿ 8 ಪಟ್ಟು ಮಾತ್ರ. ಹೀಗೇ ದೊಡ್ಡದು ಮಾಡುತ್ತಾ ಹೋದರೆ ಒಂದು ದಿನ ಮೇಲೆ ಯಾವ ಭಾರವೂ ಇಲ್ಲದೆ, ತನ್ನ ತೂಕಕ್ಕೇ ಅದು ಮುರಿಯುತ್ತದೆ. ಕಥೆಗಳಲ್ಲಿ ಬರುವ ತಾಳೆಮರದಷ್ಟು ಎತ್ತರದ ರಾಕ್ಷಸರು ನಮ್ಮಂಥ ಮೂಳೆ ಇಟ್ಟುಕೊಂಡು ನಿಲ್ಲಲಾರರು. ಮೂಳೆ ವಿಕಾರವಾಗಿ ದಪ್ಪ ಇರಬೇಕು. ಅದಕ್ಕೆ ಗೆಲಿಲಿಯೋ ಒಂದು ಸಣ್ಣ ಮೂಳೆ, ಒಂದು ಭಾರಿ ಮೂಳೆ ಪಕ್ಕ ಪಕ್ಕ ಬರೆದು ತೋರಿಸಿದ್ದಾನೆ. ಸಣ್ಣ ನಾಯಿ ತನ್ನಷ್ಟೇ ದೊಡ್ಡ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊತ್ತೀತು, ಆದರೆ ಕುದುರೆ ತನ್ನಂಥ ಒಂದು ಕುದುರೆಯನ್ನೂ ಹೊರಲಾರದು ಎನ್ನುತ್ತಾನೆ. ಗೋಧಿಯ ಹುಲ್ಲುಕಡ್ಡಿ ತನಗಿಂತ ಭಾರವಾದ ತೆನೆಯನ್ನು ಹೊತ್ತು ನಿಲ್ಲುವುದು ಅದು ಟೊಳ್ಳಾಗಿರುವುದರಿಂದ. ಅಷ್ಟೇ ಹುಲ್ಲನ್ನು ಒತ್ತಿ ಗಟ್ಟಿ ಕಡ್ಡಿ ಮಾಡಿದ್ದರೆ ಅದು ಸಣ್ಣದಾಗಿ ಬೇಗ ಬಾಗಿ ಮುರಿಯುತ್ತಿತ್ತು. ಹಕ್ಕಿಯ ಮೂಳೆಯೂ ಹಾಗೇ. ಬಿದಿರನ್ನು ಅವನು ನೋಡಿದ್ದರೆ ಅದನ್ನೂ ಬರೆಯುತ್ತಿದ್ದ ಅಂತ ನನ್ನ ಅಭಿಪ್ರಾಯ.

ಪುಸ್ತಕ ಮುಗಿಯುತ್ತಾ ಬಂತು, ಅಚ್ಚು ಹಾಕಿಸುವುದು ಹೇಗೆ? ಗೆಲಿಲಿಯೋ ಬರೆದ ಯಾವ ಪುಸ್ತಕವನ್ನೂ ಅಚ್ಚು ಹಾಕಬಾರದೆಂದು ಅಪ್ಪಣೆಯಾಗಿತ್ತು. ಗೆಳೆಯರ ಸಹಾಯದಿಂದ ಕೈಬರಹ ಗುಟ್ಟಾಗಿ ಹಾಲೆಂಡಿಗೆ ಹೋಯಿತು. ಅಲ್ಲಿ ಪೋಪನ ಮಾತು ನಡೆಯುತ್ತಿರಲಿಲ್ಲ. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ಇದು ಹೇಗೆ ಅಚ್ಚಾಯಿತೋ ನನಗೆ ಗೊತ್ತೇ ಇಲ್ಲ, ಒಬ್ಬ ಫ್ರೆಂಚ್ ರಾಯಭಾರಿಗೆ ಓದಲು ಕೊಟ್ಟಿದ್ದೆ ಅಷ್ಟೇ ಎನ್ನುವ ಹಾಗೆ ಗೆಲಿಲಿಯೋ ಮೊದಲ ಪುಟಗಳಲ್ಲಿ ಬರೆದುಕೊಂಡಿದ್ದಾನೆ! ಆದರೆ ಪುಸ್ತಕ ಕೈಗೆ ಬರುವ ಹೊತ್ತಿಗೆ ಅವನ ಎರಡು ಕಣ್ಣೂ ಹೋಗಿದ್ದವು. ತಾನು ಬರೆದ ಪುಸ್ತಕವನ್ನು ಅವನು ಮುಟ್ಟಿ ನೋಡಿದ, ಅಷ್ಟೇ. ಗುರುಗ್ರಹದ ಚಂದ್ರರನ್ನು ಮೊದಲು ಕಂಡ ಕಣ್ಣುಗಳು ಅವು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಮುಚ್ಚಿಡಬಾರದು. ತೊಲೆಯ ಲೆಕ್ಕದಲ್ಲಿ ಗೆಲಿಲಿಯೋ ಒಂದು ತಪ್ಪು ಮಾಡಿದ್ದಾನೆ. ಇದನ್ನು ಮೇಷ್ಟ್ರು ಹೇಳಿದಾಗ ನನಗೆ ಮುಖ ಸಪ್ಪಗಾಯಿತು, ಲೇಖನ ಬರೆಯುವುದೇ ಬೇಡ ಅನ್ನಿಸಿತು. ತೊಲೆ ಮುರಿಯುವಾಗ ಎಲ್ಲ ನಾರುಗಳೂ ಒಂದೇ ಸಮನಾಗಿ ಎಳೆಯುತ್ತವೆ, ಕೆಳಗಿನ ಅಂಚೇ ಆಧಾರ ಬಿಂದು ಅಂತ ಅವನು ತಿಳಿದಿದ್ದ. ಹಾಗಲ್ಲ. ಒಂದು ಉದ್ದ ರಬ್ಬರಿನ ಪಕ್ಕದಲ್ಲಿ ಪೆನ್ನಿನಿಂದ ಮೇಲಿಂದ ಕೆಳಕ್ಕೆ ಗೆರೆಗಳನ್ನು ಎಳೆದು, ಗೋಡೆಯ ತೊಲೆಯ ಹಾಗೆ ಬಗ್ಗಿಸಿ ನೋಡಿ. ಮೇಲೆ ಗೆರೆಗಳು ದೂರ ಹೋಗುತ್ತವೆ, ಕೆಳಗೆ ಹತ್ತಿರ ಬರುತ್ತವೆ. ಮೇಲಿನ ಭಾಗ ಹಿಗ್ಗುತ್ತದೆ, ಕೆಳಗಿನದು ಕುಗ್ಗುತ್ತದೆ, ನಡುವಿನ ಒಂದು ಪದರ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ತೊಲೆಯ ಬಲ ಗೆಲಿಲಿಯೋ ಹೇಳಿದ್ದರ ಮೂರನೇ ಒಂದು ಭಾಗ. ಒಂದು ತೊಲೆ ಇನ್ನೊಂದಕ್ಕಿಂತ ಎಷ್ಟು ಪಟ್ಟು ಗಟ್ಟಿ ಎಂದು ಹೋಲಿಸುವಾಗ ಏನೂ ತೊಂದರೆಯಿಲ್ಲ, 4 ಪಟ್ಟು 4 ಪಟ್ಟೇ, 8 ಪಟ್ಟು 8 ಪಟ್ಟೇ. ಆದರೆ ಇಷ್ಟು ಮಣ ತಡೆಯುತ್ತೆ ಅಂತ ಅವನ ಲೆಕ್ಕ ನಂಬಿ ಮಾಳಿಗೆ ಕಟ್ಟಿದರೆ ಮಾಳಿಗೆ ತಲೆಯ ಮೇಲೆ ಬೀಳಬಹುದು. ಇದು ಸಣ್ಣ ತಪ್ಪಲ್ಲ.

ಈ ತಪ್ಪು ತಿದ್ದಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಫ್ರಾನ್ಸಿನ ಮಾರಿಯೋತ್ ಎಂಬುವನು ಅರಮನೆಯ ನೀರಿನ ಕೊಳವೆಗಳಿಗಾಗಿ ಪರೀಕ್ಷೆ ಮಾಡುವಾಗ, ಕಡ್ಡಿಗಳು ಗೆಲಿಲಿಯೋ ಹೇಳಿದ್ದಕ್ಕಿಂತ ಕಡಿಮೆ ಭಾರಕ್ಕೇ ಮುರಿಯುವುದನ್ನು ಕಂಡ. ಅವನ ಪುಸ್ತಕ 1686ರಲ್ಲಿ ಬಂತು. 1713ರಲ್ಲಿ ಪಾರಾಂ ಎಂಬ ಇನ್ನೊಬ್ಬ ಫ್ರೆಂಚನು ಸರಿಯಾದ ಲೆಕ್ಕ ಕೊಟ್ಟ, ಆದರೆ ಯಾರೂ ಗಮನಿಸಲಿಲ್ಲ. 1773ರಲ್ಲಿ ಕೂಲಂಬ್ ಮತ್ತೆ ಸರಿಯಾಗಿ ಬಿಡಿಸಿ ತೋರಿಸಿದ. ಇವರೆಲ್ಲ ಶುರುಮಾಡಿದ್ದು ಗೆಲಿಲಿಯೋ ಬರೆದ ತೊಲೆಯಿಂದಲೇ. ಅವನು ಆ ಚಿತ್ರ ಬರೆಯದಿದ್ದರೆ ತಿದ್ದುವುದಕ್ಕೆ ಏನಿರುತ್ತಿತ್ತು ಅಂತ ಮೇಷ್ಟ್ರು ಕೇಳಿದರು. ಅದಕ್ಕೇ ಈ ಲೇಖನ ಬರೆದೆ.

ಕುರುಡನಾದ ಮೇಲೂ ಗೆಲಿಲಿಯೋ ಸುಮ್ಮನೆ ಕೂರಲಿಲ್ಲ. ವಿವಿಯಾನಿ ಎಂಬ ಚಿಕ್ಕ ಹುಡುಗ ಬಂದು ಜೊತೆಗಿದ್ದು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಕೊನೆಯ ಕೆಲವು ತಿಂಗಳು ಟೊರಿಚೆಲ್ಲಿಯೂ ಬಂದ. ವಾಯುಭಾರ ಮಾಪಕದ ಪಾಠದಲ್ಲಿ ಬರುವ ಟೊರಿಚೆಲ್ಲಿ ಇವನೇ. 1642ರ ಜನವರಿ 8ರಂದು, 77ನೇ ವಯಸ್ಸಿನಲ್ಲಿ, ಗೆಲಿಲಿಯೋ ಅರ್ಚೆತ್ರಿಯ ಮನೆಯಲ್ಲೇ ತೀರಿಕೊಂಡ. ಕೈದಿಯಾಗಿಯೇ ಸತ್ತ. ದೊಡ್ಡ ಸಮಾಧಿ ಕಟ್ಟಿಸಬೇಕೆಂದು ದೊರೆಗೆ ಆಸೆಯಿತ್ತು, ರೋಮಿನವರು ಒಪ್ಪಲಿಲ್ಲ. ಫ್ಲಾರೆನ್ಸಿನ ಚರ್ಚೊಂದರ ಪಕ್ಕದ ಸಣ್ಣ ಕೋಣೆಯಲ್ಲಿ ಹೂತರು. 1737ರಲ್ಲಿ ಚರ್ಚಿನ ಒಳಗೆ ದೊಡ್ಡ ಸಮಾಧಿಗೆ ಸಾಗಿಸಿದರು. ಆಗ ಯಾರೋ ಅವನ ಬೆರಳುಗಳನ್ನು ತೆಗೆದಿಟ್ಟುಕೊಂಡರು. ಅದರಲ್ಲಿ ಒಂದು ಫ್ಲಾರೆನ್ಸಿನ ವಸ್ತು ಸಂಗ್ರಹಾಲಯದಲ್ಲಿ ಗಾಜಿನ ಬುರುಡೆಯೊಳಗೆ ಇದೆ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಗೆಲಿಲಿಯೋನ ವಿಷಯದಲ್ಲಿ ಅಂದಿನ ನ್ಯಾಯಾಧೀಶರು ತಪ್ಪು ಮಾಡಿದ್ದರೆಂದು ಒಪ್ಪಿಕೊಂಡರು. ಶಿಕ್ಷೆಯಾಗಿ 359 ವರ್ಷದ ಮೇಲೆ!

ಈ ಹಾಳೆಯ ಪಕ್ಕದಲ್ಲಿ ಅಂಟಿಸಿರುವುದು ಆ ತೊಲೆಯ ಚಿತ್ರ, ನಾನೇ ನೋಡಿ ಬರೆದದ್ದು. ಗೋಡೆಯ ಮೇಲೆ ಗಿಡ ಬೆಳೆದಿರುವುದು ನನ್ನ ಕಲ್ಪನೆಯಲ್ಲ, ಅವನ ಪುಸ್ತಕದ ಚಿತ್ರದಲ್ಲೂ ಇದೆ.